ಗುಡ್ಡದಲ್ಲಿ ಸಸಿ ನೆಡಲು ಮೂರು ತಿಂಗಳ ಮುನ್ಸೂಚನೆ ನಂಬಬಹುದಾ?

ಪ್ರಶ್ನೆ: ಸ್ಕಾಟ್ಲೆಂಡಿನ ಒಂದು ಬೋಳು ಗುಡ್ಡವನ್ನು ಮತ್ತೆ ಕಾಡು ಮಾಡುವ ತಂಡದಲ್ಲಿದ್ದೇನೆ. ಹೋದ ಚಳಿಗಾಲ ಮಣ್ಣಿನೊಳಗಿನ ನೀರು ಹೆಪ್ಪುಗಟ್ಟಿ ಬರ್ಚ್ ಸಸಿಗಳನ್ನೇ ಮೇಲಕ್ಕೆತ್ತಿಬಿಟ್ಟಿತ್ತು. ಬೇರು ಗಾಳಿಗೆ ಒಣಗಿದ್ದು ನೋಡಿ ತುಂಬಾ ಬೇಜಾರಾಯಿತು. ದೀರ್ಘಾವಧಿ ಮುನ್ಸೂಚನೆ ನೋಡಿ ನೆಡುವ ವಾರ ಗೊತ್ತು ಮಾಡಬಹುದಾ?

ಉತ್ತರ 1: ವಾರ ಗೊತ್ತಾಗಲ್ಲ. ಅದು ಹೇಳುವುದು ಇಡೀ ಚಳಿಗಾಲ ಯಾವ ಕಡೆ ವಾಲಬಹುದು ಅಂತ ಮಾತ್ರ. ಐಸ್‌ಲ್ಯಾಂಡ್ ಹತ್ತಿರದ ಕಡಿಮೆ ಒತ್ತಡಕ್ಕೂ ಅಟ್ಲಾಂಟಿಕ್‌ನ ಅಜೋರ್ಸ್ ದ್ವೀಪಗಳ ಹತ್ತಿರದ ಹೆಚ್ಚು ಒತ್ತಡಕ್ಕೂ ಅಂತರ ಜಾಸ್ತಿಯಾದರೆ ಪಡುವಣ ಗಾಳಿ ಜೋರಾಗಿ ಮಳೆ ತರುತ್ತದೆ, ಚಳಿ ಅಷ್ಟಿರುವುದಿಲ್ಲ. ಅಂತರ ತಗ್ಗಿದರೆ ಕೊರೆಯುವ ಚಳಿಗೆ ದಾರಿಯಾಗುತ್ತದೆ. ನಾನಾದರೆ ಉತ್ತರ ಧ್ರುವದ ಮೇಲೆ ತುಂಬಾ ಎತ್ತರದಲ್ಲಿರುವ ವಾಯುಮಂಡಲದ ಮೇಲೆ ಕಣ್ಣಿಡುತ್ತೇನೆ. 2018ರ ಫೆಬ್ರವರಿ ಮಧ್ಯದಲ್ಲಿ ಅಲ್ಲಿ ಇದ್ದಕ್ಕಿದ್ದಂತೆ ಬಿಸಿಯೇರಿತು, ಅದರಿಂದ ಪಡುವಣ ಗಾಳಿ ಕುಂದಿ ತಿಂಗಳ ಕೊನೆಗೆ ಬ್ರಿಟನ್ನಿಗೆ ಮೂಡಣದಿಂದ ಹಿಮಗಾಳಿ ನುಗ್ಗಿತು. ಪ್ರತಿ ಸಲ ಹಾಗಾಗಲ್ಲ, ಆದರೆ ಎರಡು ವಾರ ಮೊದಲೇ ಎಚ್ಚರ ಸಿಕ್ಕರೆ ದೊಡ್ಡದಲ್ವಾ?

ಉತ್ತರ 2: ನೆಲ ಹೆಪ್ಪುಗಟ್ಟಿದ್ದರೆ ಸುಮ್ನೆ ಕಾಯಿರಿ. ನೆಟ್ಟ ಮೇಲೆ ಬುಡದ ಮಣ್ಣನ್ನು ಹಿಮ್ಮಡಿಯಿಂದ ಗಟ್ಟಿಯಾಗಿ ತುಳಿಯಿರಿ, ಸಸಿಯ ತುದಿ ಹಿಡಿದು ಮೆಲ್ಲಗೆ ಎಳೆದರೆ ಜಗ್ಗಬಾರದು. ಹಿಮ ಕರಗಿದ ಮೇಲೆ ಒಂದು ಸುತ್ತು ಹೋಗಿ ಮತ್ತೆ ತುಳಿದು ಬನ್ನಿ.

ಉತ್ತರ 3: ಜಿಂಕೆಗಳನ್ನು ಮರೆಯಬೇಡಿ! ಹಿಮ ಬಿದ್ದರೆ ಅವು ಕೆಳಗಿಳಿದು ಎಳೆ ಚಿಗುರನ್ನೆಲ್ಲ ತಿನ್ನುತ್ತವೆ. ಸ್ಕಾಟ್ಲೆಂಡಿನದೇ ಗ್ಲೆನ್ ಫೆಶಿ ಕಣಿವೆಯಲ್ಲಿ ಜಿಂಕೆ ಸಂಖ್ಯೆ ಇಳಿಸಿದ ಮೇಲೆ ಪೈನ್ ಸಸಿಗಳು ತಾವಾಗಿಯೇ ಮೇಲೆದ್ದವು. ಮುನ್ಸೂಚನೆಗಿಂತ ಮೊದಲು ಇದನ್ನು ನೋಡಿ.