ನಾಲ್ಕು ವರ್ಷದ ಮಗುವಿಗೆ ಸರಳ ವಿಡಿಯೊ ಗೇಮ್ ಆರಿಸುವುದು ಹೇಗೆ? ಅನುಭವ ಇದ್ದವರು ತಿಳಿಸಿ

ಕೇಳಿದವರು (ಹಾಸನ)

ನಮಸ್ಕಾರ. ನಮ್ಮ ಮಗನಿಗೆ ನಾಲ್ಕು ವರ್ಷ ತುಂಬಿದ್ದು, ಈ ವರ್ಷ ಎಲ್‌ಕೆಜಿಗೆ ಸೇರಿದ್ದಾನೆ. ದೊಡ್ಡಪ್ಪನ ಮಕ್ಕಳು ಆಡುವುದನ್ನು ನೋಡಿ ತನಗೂ ಗೇಮ್ ಬೇಕೆಂದು ಹಟ ಹಿಡಿದಿದ್ದಾನೆ. ಬೇಡವೇ ಬೇಡ ಎನ್ನುವ ನಿಲುವು ನಮ್ಮದಲ್ಲ. ಆದರೆ ಅವನಿಗೆ ಇನ್ನೂ ಓದಲು ಬರುವುದಿಲ್ಲ, ಇಂಗ್ಲಿಷ್ ಕೂಡ ಅಷ್ಟಾಗಿ ಅರ್ಥವಾಗುವುದಿಲ್ಲ. ಮನೆಯಲ್ಲಿ ಒಂದು ಆಂಡ್ರಾಯ್ಡ್ ಟ್ಯಾಬ್ಲೆಟ್, ಒಂದು ಹಳೆಯ ಲ್ಯಾಪ್‌ಟಾಪ್ ಇವೆ. ಹಗಲು ಹೊತ್ತು ಅವನನ್ನು ನೋಡಿಕೊಳ್ಳುವವರು ನಮ್ಮ ಅತ್ತೆ. ಪ್ಲೇ ಸ್ಟೋರ್‌ನಲ್ಲಿ 3+ ಎಂದು ಬರೆದಿರುವ ಆಟಗಳನ್ನೆಲ್ಲ ನಂಬಿ ಕೊಡಬಹುದೇ? ನೀವೆಲ್ಲ ಹೇಗೆ ಆರಿಸಿದಿರಿ?

ಉತ್ತರ (ಮೈಸೂರು, ಐದು ವರ್ಷದ ಮಗಳ ತಂದೆ)

3+ ಎಂಬ ಗುರುತು ಆಟದಲ್ಲಿರುವ ವಸ್ತುವಿನ ಬಗ್ಗೆ ಮಾತ್ರ ಹೇಳುತ್ತದೆ. ಅಂದರೆ ಅದರಲ್ಲಿ ಕ್ರೌರ್ಯ, ಬೈಗುಳ, ಅಶ್ಲೀಲ ದೃಶ್ಯಗಳು ಇಲ್ಲವೆಂದು ಅರ್ಥವೇ ಹೊರತು, ಮೂರು ವರ್ಷದ ಮಗುವಿಗೆ ಅದನ್ನು ಆಡಲು ಬರುತ್ತದೆ ಎಂದಾಗಲಿ, ಆ ವಯಸ್ಸಿನವರಿಗಾಗಿಯೇ ಅದನ್ನು ರೂಪಿಸಿದ್ದಾರೆ ಎಂದಾಗಲಿ ಅಲ್ಲ. ಚದುರಂಗದ ಆಟಕ್ಕೂ ಅದೇ ಗುರುತು ಇರುತ್ತದೆ. ನನಗೆ ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದವು ಆಟದ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿರುವ ಎರಡು ಸೂಚನೆಗಳು: ಜಾಹೀರಾತುಗಳಿವೆ ಎಂಬುದು ಒಂದು, ಆ್ಯಪ್‌ನೊಳಗೆ ಖರೀದಿ ಇದೆ ಎಂಬುದು ಇನ್ನೊಂದು. ಇವೆರಡೂ ಇಲ್ಲದ ಆಟ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಉಳಿದರ್ಧಕ್ಕೆ, ಮಗು ಮಲಗಿದ ಮೇಲೆ ನೀವೇ ಕುಳಿತು ಆಡಿ ನೋಡಬೇಕು. ಆಗ ನಾನು ಮುಖ್ಯವಾಗಿ ಗಮನಿಸುವುದು ಆಟ ಹೇಗೆ ನಿಲ್ಲುತ್ತದೆ ಎಂಬುದನ್ನು. ಒಂದು ಚಿತ್ರ ಜೋಡಿಸಿ ಮುಗಿದಾಗ ಆಟ ಸುಮ್ಮನೆ ನಿಂತು ಮಗುವಿಗಾಗಿ ಕಾಯುತ್ತದೆಯೋ, ಇಲ್ಲವೇ ತಾನೇ ಮುಂದಿನ ಹಂತಕ್ಕೆ ಎಳೆದುಕೊಂಡು ಹೋಗುತ್ತದೆಯೋ? ಹೊರಗೆ ಬರಲು ಹೊರಟರೆ ಬೊಂಬೆ ಅಳುತ್ತದೆಯೋ, ನಾಳೆ ಬಂದರೆ ಉಡುಗೊರೆ ಕೊಡುತ್ತೇನೆಂದು ಆಸೆ ಹುಟ್ಟಿಸುತ್ತದೆಯೋ? ದೊಡ್ಡವರನ್ನೇ ಎದ್ದೇಳಲು ಬಿಡದ ಈ ತಂತ್ರಗಳ ಮುಂದೆ ನಾಲ್ಕು ವರ್ಷದ ಮಗು ಏನು ಮಾಡೀತು? ಬಲೂನು ಒಡೆಯುವ ಒಂದು ಉಚಿತ ಆಟ ನಮ್ಮಲ್ಲಿತ್ತು. ಪ್ರತಿ ಹಂತ ಮುಗಿದಾಗಲೂ ಜಾಹೀರಾತು ಬರುತ್ತಿತ್ತು. ಅದನ್ನು ಮುಚ್ಚುವ ಗುರುತು ಸ್ವಲ್ಪ ಹೊತ್ತು ಕಳೆದ ಮೇಲೆ ಮೇಲಿನ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಕಾಣಿಸುತ್ತಿತ್ತು. ಅಷ್ಟರಲ್ಲಿ ಮಗಳು ಇನ್ನೂ ಬಲೂನಿನ ಗುಂಗಿನಲ್ಲೇ ಪರದೆಯ ಉದ್ದಗಲಕ್ಕೂ ಬೆರಳಾಡಿಸುತ್ತಿದ್ದುದರಿಂದ ಜಾಹೀರಾತು ತೆರೆದುಕೊಂಡು, ಯಾವುದೋ ಕಾರ್ ರೇಸಿನ ಪುಟದಲ್ಲಿ ಹೋಗಿ ನಿಲ್ಲುತ್ತಿತ್ತು. ಇಂಟರ್‌ನೆಟ್ ಇಲ್ಲದೆ ನಡೆಯುವ ಆಟಗಳನ್ನು ಏರ್‌ಪ್ಲೇನ್ ಮೋಡ್ ಹಾಕಿ ಕೊಟ್ಟರೆ ಈ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಆದರೂ ಇಷ್ಟು ಉಪಾಯ ಬೇಡುವ ಆಟಕ್ಕಿಂತ, ಜಾಹೀರಾತೂ ಶುಲ್ಕವೂ ಇಲ್ಲದ ಖಾನ್ ಅಕಾಡೆಮಿ ಕಿಡ್ಸ್‌ನಂಥದ್ದು ಮೇಲು. ಅದನ್ನು ಎರಡರಿಂದ ಎಂಟು ವರ್ಷದವರಿಗೆಂದು ಮಾಡಿದ್ದಾರೆ. ಸಾಗೋ ಮಿನಿ, ಟೋಕಾ ಬೋಕಾ ಹೆಸರಿನ ಆಟಗಳಲ್ಲಿ ಸೋಲು–ಗೆಲುವಿನ ಗೋಜಿಲ್ಲ, ಅವೂ ಚೆನ್ನಾಗಿವೆ. ಆದರೆ ಅವುಗಳಲ್ಲಿ ಹಲವಕ್ಕೆ ಹಣ ಕೊಡಬೇಕಾಗುತ್ತದೆ.

ಉತ್ತರ (ಧಾರವಾಡ, ಶಿಶುವಿಹಾರದ ಶಿಕ್ಷಕಿ)

ಆಟ ನಿಲ್ಲುವ ಬಗೆಯ ಕುರಿತು ಮೈಸೂರಿನವರು ಹೇಳಿದ್ದನ್ನು ನಾನೂ ಒಪ್ಪುತ್ತೇನೆ. ಅದರ ಜೊತೆಗೆ ಮಗುವಿನ ಬೆರಳಿಗೆ ಆಟ ಒಗ್ಗುತ್ತದೆಯೇ ಎಂದೂ ನೋಡಿಕೊಳ್ಳಿ. ಬರೀ ಮುಟ್ಟಿದರೆ ಸಾಕಾಗುವ ಆಟಗಳು ಎಲ್ಲ ಮಕ್ಕಳಿಗೂ ಬರುತ್ತವೆ. ಬೆರಳೆತ್ತದೆ ಎಳೆದು ಇನ್ನೊಂದು ಜಾಗದಲ್ಲಿ ಬಿಡುವುದು ಅಷ್ಟು ಸುಲಭವಲ್ಲ. ದಾರಿಯಲ್ಲಿ ಬೆರಳು ಎದ್ದ ಕೂಡಲೇ ಚಿತ್ರದ ತುಂಡು ಮೊದಲಿದ್ದ ಜಾಗಕ್ಕೆ ಹಾರಿಹೋಗುವ ಆಟಗಳಲ್ಲಿ ಮಕ್ಕಳು ಬಲು ಬೇಗ ರೇಗುತ್ತಾರೆ. ತುಂಡು ಬಿಟ್ಟಲ್ಲಿಯೇ ಉಳಿಯುವಂತಿದ್ದರೆ ಅದನ್ನೇ ಮತ್ತೆ ತಾಳ್ಮೆಯಿಂದ ಎಳೆಯುತ್ತಾರೆ. ಗಡಿಯಾರದ ಮುಳ್ಳು ಓಡುತ್ತಿರುವ ಆಟಗಳು ಈ ವಯಸ್ಸಿಗೆ ಬೇಡವೇ ಬೇಡ.

ತಪ್ಪು ಉತ್ತರಕ್ಕೆ ಆಟ ಏನು ಮಾಡುತ್ತದೆ ಎಂಬುದನ್ನೂ ಪರೀಕ್ಷಿಸಿ. ನಮ್ಮಲ್ಲಿ ಬಳಸುತ್ತಿದ್ದ ಎಣಿಕೆಯ ಆಟವೊಂದರಲ್ಲಿ ಸರಿಯುತ್ತರಕ್ಕೆ ಚಪ್ಪಾಳೆ, ತಪ್ಪಿಗೆ ಕತ್ತೆ ಅರಚಿದಂಥ ಸದ್ದು ಬರುತ್ತಿತ್ತು. ಮೂರು ಮಾವಿನಹಣ್ಣನ್ನು ಬಾಯಲ್ಲಿ ಸರಿಯಾಗಿಯೇ ಎಣಿಸಿದ ಹುಡುಗನೊಬ್ಬ, ಆ ಸದ್ದು ಕೇಳುವ ಆಸೆಗೆ ಬೇಕೆಂದೇ ಐದನ್ನು ಒತ್ತುತ್ತಿದ್ದ. ನೋಡನೋಡುತ್ತ ಪಕ್ಕದವರೂ ಅದನ್ನೇ ಕಲಿತರು. ತಪ್ಪಾದಾಗ ಏನೂ ಆಗದೆ ಸುಮ್ಮನಿರುವ ಆಟವೇ ಈ ಮಕ್ಕಳಿಗೆ ಹೆಚ್ಚು ಕಲಿಸುತ್ತದೆ ಎಂಬುದು ನನ್ನ ಅಭಿಪ್ರಾಯ.

ನಿಮ್ಮ ಹಳೆಯ ಲ್ಯಾಪ್‌ಟಾಪನ್ನು ಮೂಲೆಗೆ ಸರಿಸಬೇಡಿ. ಜಿಕಾಂಪ್ರಿಸ್ ಎಂಬ ಉಚಿತ ತಂತ್ರಾಂಶ 2000ದಿಂದಲೂ ಬೆಳೆದು ಬಂದಿದ್ದು, ಎರಡರಿಂದ ಹತ್ತು ವರ್ಷದವರೆಗಿನ ಮಕ್ಕಳಿಗೆ ಬೇಕಾದ ಹತ್ತಾರು ಚಟುವಟಿಕೆಗಳು ಅದರಲ್ಲಿವೆ. ಮೌಸನ್ನು ಆಡಿಸಿದಂತೆಲ್ಲ ಮೇಲಿನ ಚೌಕಗಳು ಅಳಿಸಿ ಕೆಳಗಿನ ಚಿತ್ರ ಕಾಣುವ ಆಟದಿಂದ ಶುರುಮಾಡಬಹುದು. ಚಿತ್ರ ಬಿಡಿಸಲು ಟಕ್ಸ್ ಪೇಂಟ್ ಇದೆ. ಬಿಡಿಸಿದ್ದನ್ನು ಉಳಿಸುವಾಗ ಅದು ಕಡತದ ಹೆಸರು ಕೇಳುವುದಿಲ್ಲವಾದ್ದರಿಂದ ಓದಲು ಬಾರದ ಮಗುವಿಗೂ ಅಡ್ಡಿಯಿಲ್ಲ. ಇಂಗ್ಲಿಷ್ ಸೂಚನೆಗಳ ಚಿಂತೆ ಬಿಡಿ. ಧ್ವನಿ ತಗ್ಗಿಸಿ, ಪಕ್ಕದಲ್ಲಿ ಕುಳಿತು, 'ಕೆಂಪು ಮೀನು ಎಲ್ಲಿದೆ, ಅದರ ಮರಿ ಎಲ್ಲಿದೆ' ಎಂದು ಕನ್ನಡದಲ್ಲಿಯೇ ಕೇಳುತ್ತ ಹೋಗಿ.

ಉತ್ತರ (ಉಡುಪಿ, ಅವಳಿ ಮಕ್ಕಳ ತಾಯಿ)

ಸಮಯದ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಎರಡರಿಂದ ಐದು ವರ್ಷದ ಮಕ್ಕಳಿಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ, ಅದೂ ದೊಡ್ಡವರ ಕಣ್ಣೆದುರಿಗೆ ಎಂದು ಭಾರತೀಯ ಮಕ್ಕಳ ವೈದ್ಯರ ಸಂಘಟನೆಯಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯಲ್ಲಿಯೂ ಎರಡರಿಂದ ನಾಲ್ಕು ವರ್ಷದವರಿಗೆ ಒಂದು ಗಂಟೆಯ ಮಿತಿಯೇ ಇದ್ದು, ಕಡಿಮೆಯಾದಷ್ಟೂ ಒಳ್ಳೆಯದು ಎಂದಿದೆ. ಊಟ ಮಾಡಿಸುವಾಗ ತೋರಿಸುವ ವಿಡಿಯೊ, ಸಂಜೆಯ ಟಿವಿ, ಎಲ್ಲವೂ ಆ ಒಂದು ಗಂಟೆಯೊಳಗೇ ಬರಬೇಕು. ಹಾಗೆ ಲೆಕ್ಕ ಹಾಕಿದರೆ ಗೇಮಿಗೆ ಉಳಿಯುವುದು ಅಷ್ಟಕ್ಕಷ್ಟೇ, ಹಾಗಾಗಿ ಎರಡು ಮೂರು ಆಟಗಳಿದ್ದರೆ ಧಾರಾಳವಾಯಿತು.

ಉತ್ತರ (ಟೊರಾಂಟೊದಲ್ಲಿರುವ ಕನ್ನಡತಿ)

ನಾಲ್ಕು ವರ್ಷದವನಿಗಾಗಿ ಕನ್ಸೋಲ್ (ಗೇಮ್ ಆಡಲೆಂದೇ ಇರುವ ಯಂತ್ರ) ಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಆದರೆ ದೊಡ್ಡಪ್ಪನ ಮನೆಯಲ್ಲಿ ನಿಂಟೆಂಡೊ ಸ್ವಿಚ್ ಎಂಬ ಕನ್ಸೋಲ್ ಇದ್ದರೆ ಅವನನ್ನೂ ಆಟಕ್ಕೆ ಸೇರಿಸಿಕೊಳ್ಳಬಹುದು. ಅದರಲ್ಲಿ ಆಡುವ ಮಾರಿಯೊ ಕಾರ್ಟ್ 8 ಡಿಲಕ್ಸ್ ಎಂಬ ರೇಸಿನ ಆಟದಲ್ಲಿ ಗಾಡಿ ರಸ್ತೆ ಬಿಟ್ಟು ಬೀಳದಂತೆ ತಡೆಯುವ ಸ್ಮಾರ್ಟ್ ಸ್ಟೀರಿಂಗ್ ಎಂಬ ಸೌಲಭ್ಯವೂ, ಗುಂಡಿ ಒತ್ತದಿದ್ದರೂ ಗಾಡಿ ತಾನಾಗಿ ಮುಂದೆ ಹೋಗುವ ಇನ್ನೊಂದು ಸೌಲಭ್ಯವೂ ಇವೆ. ಮೊದಲನೆಯದನ್ನು ಹಾಕಿದಾಗ ಗಾಡಿಯ ಹಿಂಬದಿಯಲ್ಲಿ ಚಿಕ್ಕ ಆಂಟೆನಾ ಕಾಣಿಸುತ್ತದೆ. ನನ್ನ ಚಿಕ್ಕ ಮಗಳು ಅಕ್ಕನೊಡನೆ ಹೀಗೇ ಆಡುತ್ತಾಳೆ, ಕೊನೆಯ ಸ್ಥಾನ ಬಂದರೂ ಕುಣಿಯುತ್ತಾಳೆ. ಒಂಟಿಯಾಗಿ ಟ್ಯಾಬ್ಲೆಟ್ ಮೇಲೆ ಬಗ್ಗಿ ಕೂರುವುದಕ್ಕಿಂತ, ಟಿವಿಯ ಮುಂದೆ ನಾಲ್ಕು ಜನರ ಜೊತೆ ಕೂತು ಆಡುವುದೇ ನನಗೆ ವಾಸಿ ಎನಿಸಿದೆ.

ಸ್ವಿಚ್‌ನ ಪೋಷಕರ ಆ್ಯಪ್‌ನಲ್ಲಿ ಅವಧಿ ಮುಗಿದೊಡನೆ ಆಟವನ್ನು ತಾನಾಗಿ ತಡೆಹಿಡಿಯುವ ವ್ಯವಸ್ಥೆಯಿದೆ. ಅದನ್ನು ನಾವು ಬಳಸುವುದಿಲ್ಲ, ಏಕೆಂದರೆ ರೇಸಿನ ನಡುವೆ ಪರದೆ ನಿಂತರೆ ಮನೆಯಲ್ಲಿ ರಂಪವಾಗುತ್ತದೆ. ಎಚ್ಚರಿಕೆಯನ್ನಷ್ಟೇ ಇಟ್ಟುಕೊಂಡು, 'ಈ ರೇಸ್ ಮುಗಿದ ಮೇಲೆ ಸಾಕು' ಎನ್ನುತ್ತೇವೆ.

ಕೇಳಿದವರು (ಹಾಸನ)

ಎಲ್ಲರಿಗೂ ಧನ್ಯವಾದಗಳು. ಸದ್ಯಕ್ಕೆ ಖಾನ್ ಅಕಾಡೆಮಿ ಕಿಡ್ಸ್ ಮತ್ತು ಟಕ್ಸ್ ಪೇಂಟ್ ಎರಡನ್ನೇ ಹಾಕಿಕೊಡುತ್ತೇವೆ. ಆದರೆ ಅತ್ತೆಯವರ ಕೈಯಲ್ಲಿದ್ದಾಗ ಅವನು ಆಟದಿಂದ ಹೊರಗೆ ಬಂದು ಯೂಟ್ಯೂಬ್ ತೆರೆಯುವುದನ್ನು ತಪ್ಪಿಸುವುದು ಹೇಗೆ?

ಉತ್ತರ (ಮೈಸೂರು)

ಟ್ಯಾಬ್ಲೆಟ್‌ನ ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ ವಿಭಾಗದ ಒಳಗೆ ಆ್ಯಪ್ ಪಿನ್ನಿಂಗ್ ಹುಡುಕಿ. ಅದನ್ನು ಹಾಕಿದರೆ ತೆರೆದಿಟ್ಟ ಒಂದೇ ಆ್ಯಪ್ ಪರದೆಯ ಮೇಲೆ ಉಳಿಯುತ್ತದೆ. ಬಿಡಿಸುವಾಗ ಪಿನ್ ಸಂಖ್ಯೆ ಕೇಳುವಂತೆಯೂ ಮಾಡಬಹುದು. ಬಿಡಿಸುವ ವಿಧಾನವನ್ನು ಅತ್ತೆಯವರಿಗೂ ತೋರಿಸಿಕೊಡಿ, ಇಲ್ಲವಾದರೆ ಅವರಿಗೆ ಫೋಟೊ ನೋಡಬೇಕೆನಿಸಿದಾಗಲೂ ಆಫೀಸಿನಲ್ಲಿರುವ ನಿಮಗೇ ಫೋನ್ ಬರುತ್ತದೆ. ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಆಯ್ಕೆಯನ್ನು ಇವತ್ತೇ ಹಾಕಿ. ಮುಂದೆ ಯಾವುದಾದರೂ ಆಟವನ್ನು ಉಚಿತ ಪ್ರಯೋಗಕ್ಕೆಂದು ತೆಗೆದುಕೊಂಡರೆ, ಆ್ಯಪನ್ನು ಅಳಿಸಿದ ಮಾತ್ರಕ್ಕೆ ಚಂದಾ ರದ್ದಾಗುವುದಿಲ್ಲ; ಪ್ಲೇ ಸ್ಟೋರ್‌ನ ಸಬ್‌ಸ್ಕ್ರಿಪ್ಷನ್ ಪುಟಕ್ಕೆ ಹೋಗಿ ಬೇರೆಯಾಗಿ ರದ್ದುಮಾಡಬೇಕು.