ಕನ್ನಡ ಪದ ಬೇಕು, ನಾಳೆ ಬೆಳಿಗ್ಗೆಯೊಳಗೆ: ‘ಹ್ಯಾಂಡ್ಸ್ ಆನ್ ಟ್ರೈನಿಂಗ್’

ದಾವಣಗೆರೆ, ರಾತ್ರಿ 8.40

ಬಲ್ಲವರಿಗೆ ನಮಸ್ಕಾರ. ಆಂಬ್ಯುಲೆನ್ಸಿನಲ್ಲಿ ತುರ್ತು ಚಿಕಿತ್ಸೆ ಕೊಡುವ ಇಎಂಟಿ ಕೆಲಸ ಕಲಿಯುವ ಹುಡುಗರ ಕೋಣೆಗೆ ಬೋರ್ಡು ಬರೆಸಬೇಕು. ಪೇಂಟರ್ ಬೆಳಿಗ್ಗೆ ಹತ್ತಕ್ಕೆ ಬರ್ತಾರೆ. ‘ಪ್ರಾಯೋಗಿಕ ತರಬೇತಿ’ ಎಂದು ಬರೆದುಕೊಟ್ಟಿದ್ದೆ, ಪ್ರಾಂಶುಪಾಲರು ಒಪ್ಪಲಿಲ್ಲ. ಪೇಪರಿನಲ್ಲಿ ದಿನಾ ‘ಪ್ರಾಯೋಗಿಕವಾಗಿ ಜಾರಿ’ ಅಂತ ಓದುವ ಜನ, ನಮ್ಮ ಮೇಲೇ ಪ್ರಯೋಗ ನಡೆಸ್ತಾರೆ ಅಂದ್ಕೊಂಡಾರು ಅಂತ ಅವರ ಅಂಜಿಕೆ. ‘ಪ್ರಾತ್ಯಕ್ಷಿಕೆ’ಯೂ ಆಗದು, ಅಲ್ಲಿ ಮೇಷ್ಟ್ರು ಮಾಡ್ತಾರೆ, ಹುಡುಗರು ನೋಡ್ತಾರೆ. ಇಲ್ಲಿ ಹೃದಯ ನಿಂತವರಿಗೆ ಮಾಡುವ ಸಿಪಿಆರ್ ಕಲಿಯಲು ಹುಡುಗರೇ ಸಿಮೆಂಟು ನೆಲಕ್ಕೆ ಮಂಡಿಯೂರಿ ಬೊಂಬೆಯ ಎದೆ ಒತ್ತಬೇಕು. 5 ಸೆಂ.ಮೀ. ಇಳಿದರೆ ಒಳಗೆ ‘ಟಕ್’ ಅನ್ನುತ್ತೆ, 6 ದಾಟಬಾರದು. ನಿಮಿಷಕ್ಕೆ 100ರಿಂದ 120ರ ಲೆಕ್ಕ, 30 ಸಲ ಒತ್ತಿದ ಮೇಲೆ 2 ಸಲ ಉಸಿರು. ಎರಡು ನಿಮಿಷದೊಳಗೆ ಹುಡುಗನ ಬೆವರು ಬೊಂಬೆಯ ಮೇಲೆ ತೊಟ್ಟಿಕ್ಕುತ್ತಿರುತ್ತೆ. ಇದಕ್ಕೊಂದು ಪದ ಕೊಡಿ.

ಚಿತ್ರದುರ್ಗ, 9.05

ಕೈಪಳಗಿಕೆ. ‘ತರಬೇತಿ’ ಅರಬ್ಬಿಯ ತರ್ಬಿಯತ್. ಅದನ್ನು ಹೊತ್ತು ತಿರುಗುವ ಗರಜು ನಮಗಿಲ್ಲ.

ಮೈಸೂರು, 9.20

ಪಳಗುವುದು ಆನೆ. ಸಕ್ರೆಬೈಲಿನ ಆನೆ ಬಿಡಾರದ ಬೋರ್ಡಿಗೆ ಸರಿಹೋದೀತು. ಇದಕ್ಕೆ ಪದ ಹೊಸದಾಗಿ ಕಟ್ಟಬೇಕಾಗಿಯೇ ಇಲ್ಲ, ಶಸ್ತ್ರಚಿಕಿತ್ಸೆಯ ಹಳೆಯ ಸಂಸ್ಕೃತ ಗ್ರಂಥ ಸುಶ್ರುತಸಂಹಿತೆಯ ಸೂತ್ರಸ್ಥಾನದ 9ನೇ ಅಧ್ಯಾಯದಲ್ಲಿದೆ: ‘ಯೋಗ್ಯಾ’. ಕೊಯ್ಯುವುದನ್ನು ಕುಂಬಳ, ಸೋರೆಯಂಥ ಕಾಯಿಗಳ ಮೇಲೆ, ಕಟ್ಟು ಹಾಕುವುದನ್ನು ಮನುಷ್ಯಾಕಾರದ ಬೊಂಬೆಯ ಮೇಲೆ ಮಾಡಿಸಿ ಕಲಿಸಬೇಕು ಎನ್ನುತ್ತಾನೆ ಸುಶ್ರುತ. ಎಷ್ಟು ಓದಿದ್ದರೂ ಯೋಗ್ಯಾ ಮಾಡದವನು ಕೆಲಸಕ್ಕೆ ಅಯೋಗ್ಯ. ನಿಮ್ಮ ಬೊಂಬೆ ನಿನ್ನೆ ಮೊನ್ನೆಯದಲ್ಲ.

ದಾವಣಗೆರೆ, 9.32

ಸಾರ್, ವಿಷಯ ಚೆನ್ನಾಗಿದೆ. ಆದರೆ ಬಾಗಿಲ ಮೇಲೆ ‘ಯೋಗ್ಯಾ’ ಅಂತ ಬರೆಸಿದರೆ ಯಾವುದೋ ಹುಡುಗಿಯ ಹೆಸರು ಅಂದ್ಕೊಳ್ತಾರೆ.

ಹರಿಹರ, 10.10

ನಾನು ಕೆಲ ವರ್ಷ ಆಂಬ್ಯುಲೆನ್ಸಿನಲ್ಲಿ ದುಡಿದವನು, ವ್ಯಾಕರಣ ಗೊತ್ತಿಲ್ಲ. ‘ತಾಲೀಮು’ ಅಂತ ಬರೆಸಿ. ಗರಡಿಯಲ್ಲಿ ತಾಲೀಮು, ನಾಟಕ ಕಂಪನಿಯಲ್ಲಿ ತಾಲೀಮು; ಓದಿ ಬರುವುದಲ್ಲ, ಮೈಗೆ ಹತ್ತಬೇಕು. ರಾತ್ರಿ ಹೈವೇ ಪಕ್ಕ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಮುರಿದ ಕಾಲಿಗೆ ದಬ್ಬೆ ಕಟ್ಟುವಾಗ ಪುಸ್ತಕ ನೆನಪಿಗೆ ಬರೋದಿಲ್ಲ, ಕೈ ತಾನಾಗೇ ಹೋಗುತ್ತೆ. ಹಾಂ, ಪಾಠದಲ್ಲಿ ‘ಸ್ಪ್ಲಿಂಟ್’ ಇದ್ದರೆ ‘ದಬ್ಬೆ’ ಅಂತಲೂ ಹೇಳಿಕೊಡಿ. ಸ್ಪ್ಲಿಂಟ್ ಅಂದರೆ ಗಾಯಾಳು ಕಡೆಯವರು ಮುಖ ನೋಡ್ತಾರೆ. ದಬ್ಬೆ ಅಂದರೆ ಓಡಿಹೋಗಿ ಒಂದು ಹುಡುಕಿ ತರ್ತಾರೆ.

ಚಿತ್ರದುರ್ಗ, 10.18

ತಾಲೀಮೂ ಅರಬ್ಬಿಯೇ. ಒಂದು ಬಾವಿಯಿಂದೆದ್ದು ಅದೇ ಬಾವಿಗೆ ಬಿದ್ದ ಹಾಗಾಯಿತು. ದಬ್ಬೆ ಸರಿ.

ಹರಿಹರ, 10.31

ಅರಬ್ಬಿಯೇ ಇರಲಿ. ನಿಮ್ಮ ‘ಗರಜು’ ಎಲ್ಲಿಯದು ಸ್ವಾಮಿ? ದಾವಣಗೆರೆಯ ಮಂಡಕ್ಕಿ ಭಟ್ಟಿಯ ‘ಭಟ್ಟಿ’ಯೂ ಹಿಂದಿಯದಂತೆ. ಮಂಡಕ್ಕಿ ತಿನ್ನೋದು ಬಿಡ್ತೀರಾ?

ಮೈಸೂರು, 10.34

ಹಿಂದಿಯಲ್ಲ. ಮೂಲ ಸಂಸ್ಕೃತದ ಭ್ರಾಷ್ಟ್ರ.

ಚಿತ್ರದುರ್ಗ, 10.36

ನಿಮಗೆ ಮಂಡಕ್ಕಿಯೂ ಸಂಸ್ಕೃತವೇ ಇರಬೇಕು. ‘ಗರಜು’ ಬಾಯ್ತಪ್ಪಿ ಬಂದದ್ದು. ದಿನಬಳಕೆಯಲ್ಲಿ ನುಸುಳಿದ್ದನ್ನು ತೆಗೆಯಲಾಗದು, ಒಪ್ಪಿದೆ. ಹೊಸದಾಗಿ ಬೋರ್ಡು ಬರೆಸುವಾಗಲೂ ನಮ್ಮದನ್ನು ಬಿಟ್ಟರೆ ಇನ್ನು ಯಾವಾಗ ಬಳಸೋದು?

ಹರಿಹರ, 10.41

ಜನಕ್ಕೆ ತಿಳಿಯುವ ಪದ ನಮ್ಮದೇ. ನಾಳೆ ಡ್ಯೂಟಿ ಇದೆ, ಮಲಗ್ತೀನಿ.

ದಾವಣಗೆರೆ, ಮರುದಿನ 11.15

ಎಲ್ಲರಿಗೂ ಧನ್ಯವಾದ. ‘ತಾಲೀಮು ಕೊಠಡಿ’ ಅಂತ ಬರೆಸಿದೆ. ಉಳಿದ ಪದಗಳ ಅರ್ಥವನ್ನೆಲ್ಲ ಕೇಳಿದ ಪೇಂಟರ್ ಇದೊಂದಕ್ಕೆ ಏನೂ ಕೇಳದೆ ಕುಂಚ ಅದ್ದಿದರು. ಚಿಕ್ಕಂದಿನಲ್ಲಿ ಗರಡಿಗೆ ಹೋಗ್ತಿದ್ದರಂತೆ. ಭಟ್ಟಿಯ ಚರ್ಚೆಗೆ ದಯವಿಟ್ಟು ಬೇರೆ ತಲೆಬರಹ ಹಾಕಿಕೊಳ್ಳಿ.

ಚಿತ್ರದುರ್ಗ, 11.20

ಕೊಠಡಿ?