ಬಿಯರ್, ಮನೆ ವೈನ್ ಕುಡಿದರೆ ಮೈ ಕೆಂಪಾಗಿ ತುರಿಕೆ, ವಿಸ್ಕಿಗೆ ಇಲ್ಲ. ಎಂತ ಕಾರಣ?

ಬಂದರ್_ದಾರಿ: ಬಿಯರ್ ಅಥವಾ ಕ್ರಿಸ್ಮಸ್ಸಿಗೆ ಮನೆಯಲ್ಲಿ ಹಾಕಿದ ದ್ರಾಕ್ಷಿ ವೈನ್ ಕುಡಿದು ಅರ್ಧ ಗಂಟೆಯೊಳಗೆ ಮುಖ, ಕುತ್ತಿಗೆ ಕೆಂಪಾಗಿ ಮೂಗು ಕಟ್ಟುತ್ತದೆ. ಎರಡು ಸಲ ಹೊಟ್ಟೆಯ ಮೇಲೆ ಗಂಧೆ ಎದ್ದದ್ದೂ ಉಂಟು. ಉಸಿರಿಗೆ ತೊಂದರೆ ಆಗಿಲ್ಲ, ಉಬ್ಬಸವೂ ಇಲ್ಲ. ವಿಸ್ಕಿಗೆ ಏನೂ ಆಗುವುದಿಲ್ಲ. ಬಿಯರ್ ಜೊತೆ ಹೆಚ್ಚಾಗಿ ಬಂಗುಡೆ ಫ್ರೈ, ಸೀಗಡಿ ಸುಕ್ಕ. ಆಲ್ಕೋಹಾಲಿಗೇ ಅಲರ್ಜಿಯಾ? ಯಾವ ಟೆಸ್ಟ್ ಮಾಡಿಸುವುದು?

ಕದ್ರಿಗುಡ್ಡೆ: ವಿಸ್ಕಿ ಒಗ್ಗುತ್ತದೆ ಅಂದ ಮೇಲೆ ಆಲ್ಕೋಹಾಲನ್ನು ದೂರುವ ಹಾಗಿಲ್ಲ. ಎಥೆನಾಲಿಗೇ, ಅಂದರೆ ಮದ್ಯದ ಆಲ್ಕೋಹಾಲಿಗೇ, ನಿಜವಾದ ಅಲರ್ಜಿ ತೀರಾ ಅಪರೂಪ. ಭಟ್ಟಿ ಇಳಿಸುವಾಗ ಧಾನ್ಯದ ಪ್ರೋಟೀನ್ ಹಂಡೆಯಲ್ಲೇ ಉಳಿಯುತ್ತದೆ. ಬಿಯರಿನಲ್ಲಿ ಹಾಗಲ್ಲ. ಬಾರ್ಲಿಯ ಎಲ್‌ಟಿಪಿ ಎಂಬ ಪ್ರೋಟೀನ್ ಕುದಿಸಿದರೂ ಪೂರ್ತಿ ಹೋಗುವುದಿಲ್ಲ, ಗ್ಲಾಸಿನವರೆಗೂ ಬರುತ್ತದೆ. ಮೇಲೆ ನೊರೆ ನಿಲ್ಲುವುದರಲ್ಲೂ ಅದರ ಪಾಲುಂಟು. ಮಬ್ಬು ಬಣ್ಣದ ಗೋಧಿ ಬಿಯರಾದರೆ ಗೋಧಿ, ಯೀಸ್ಟ್ ಎರಡನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮನೆ ವೈನಿಗೆ ಲೇಬಲ್ ಇಲ್ಲ, ಮಾಡಿದವರನ್ನೇ ಕೇಳಿ. ದ್ರಾಕ್ಷಿ, ಸಕ್ಕರೆ, ಯೀಸ್ಟಿನ ಜೊತೆ ಭರಣಿಗೆ ಒಂದು ಹಿಡಿ ಗೋಧಿ ಹಾಕುವ ಕ್ರಮ ಉಂಟು. ತಿಳಿಯಾಗಲು ಮೊಟ್ಟೆಯ ಬಿಳಿ, ಕೆಡದಿರಲು ಮೆಟಾಬೈಸಲ್ಫೈಟ್ ಎಂಬ ಸಲ್ಫೈಟ್ ಪುಡಿ ಹಾಕುವವರೂ ಇದ್ದಾರೆ. ಅಂಗಡಿ ವೈನಿನಲ್ಲಿ ಸಲ್ಫೈಟ್ ಲೀಟರಿಗೆ 10 ಮಿಲಿಗ್ರಾಂ ಮುಟ್ಟಿದರೆ ಲೇಬಲಿನಲ್ಲಿ ಹೇಳಲೇಬೇಕು. ಆದರೆ ಸಲ್ಫೈಟ್ ಕಾಡುವುದು ಹೆಚ್ಚಾಗಿ ಉಬ್ಬಸದವರನ್ನು, ಅದೂ ಎದೆ ಬಿಗಿಯುವ ಮೂಲಕ. ನಿಮ್ಮ ಲಕ್ಷಣಕ್ಕೆ ಅದು ಅಷ್ಟು ಕೂಡಿ ಬರುವುದಿಲ್ಲ.

ಮಲ್ಪೆ_ದಕ್ಕೆ: ಗ್ಲಾಸನ್ನು ಮಾತ್ರ ನೋಡಬೇಡಿ ಮಾರಾಯ್ರೆ, ತಟ್ಟೆಯನ್ನೂ ನೋಡಿ. ಬಂಗುಡೆ, ಬೂತಾಯಿ, ಟ್ಯೂನಾದ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲ ಜಾಸ್ತಿ. ಹಿಡಿದ ಮೇಲೆ ಐಸ್ ಸಾಲದೆ ಮೀನು ಬಿಸಿಯಾದರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಮಾಡಿಬಿಡುತ್ತದೆ, ಮೈ ಕೆಂಪಾಗಿಸಿ ತುರಿಕೆ ಎಬ್ಬಿಸುವ ರಾಸಾಯನಿಕ ಅದು. ಅದಕ್ಕೇ 4 ಡಿಗ್ರಿ ಸೆಲ್ಸಿಯಸ್ ದಾಟಬಾರದು ಎನ್ನುವುದು. ಒಮ್ಮೆ ಆದದ್ದು ತವದ ಮೇಲೆ ಗರಿಗರಿ ಕಾಯಿಸಿದರೂ ಹೋಗದು, ಫ್ರೀಜರಿನಲ್ಲಿಟ್ಟರೂ ಹೋಗದು. ಮೂಗಿಗೆ ಗೊತ್ತಾಗಬೇಕೆಂದೂ ಇಲ್ಲ. ನಾಲಿಗೆಗೆ ಕಾಳುಮೆಣಸಿನ ಹಾಗೆ ಚುರುಕ್ ಅನ್ನಬಹುದು, ಆದರೆ ಖಾರದ ಮಸಾಲೆ ಮೆತ್ತಿದ ಬಂಗುಡೆಯಲ್ಲಿ ಅದನ್ನು ಬೇರೆಯಾಗಿ ಗುರುತಿಸುವುದು ಕಷ್ಟ.

ವೈನ್, ಬಿಯರ್ ಹುದುಗುವಾಗಲೂ ಹಿಸ್ಟಮಿನ್ ಹುಟ್ಟುತ್ತದೆ. ಸಾಮಾನ್ಯವಾಗಿ ಬಿಳಿ ವೈನಿಗಿಂತ ಕೆಂಪಿನಲ್ಲಿ ಹೆಚ್ಚು, ವಿಸ್ಕಿಯಲ್ಲಿ ತೀರಾ ಕಡಿಮೆ. ಕರುಳಿನಲ್ಲಿ ಅದನ್ನು ಒಡೆಯುವ ಡಿಎಒ ಕಿಣ್ವದ ಕೆಲಸಕ್ಕೆ ಆಲ್ಕೋಹಾಲ್ ಅಡ್ಡ ಬರುತ್ತದೆ. ಅಲ್ಲಿಗೆ ಮೀನಿನದ್ದೂ ಬಿಯರಿನದ್ದೂ ಒಟ್ಟಿಗೆ ಮೈಗೆ ಏರಿತು. ಒಂದೇ ಮೀನು ತಿಂದ ಎರಡು ಮೂರು ಜನರಿಗೆ ಒಟ್ಟಿಗೆ ಹೀಗಾದರೆ ಮೊದಲು ಮೀನನ್ನೇ ಅನುಮಾನಿಸಿ.

ಸೀಗಡಿಯದ್ದು ಬೇರೆ. ಅದರಿಂದ ಗಂಧೆ ಎದ್ದರೆ ಅದು ನಿಜವಾದ ಅಲರ್ಜಿ. ಬರೀ ತಿಂದಾಗ ತೆಪ್ಪಗಿರುವ ಸೀಗಡಿ ಅಥವಾ ಗೋಧಿ, ಆಲ್ಕೋಹಾಲ್ ಇಲ್ಲವೇ ಐಬುಪ್ರೊಫೆನ್ ಮಾತ್ರೆ ಜೊತೆಯಾದಾಗ ಗಂಧೆ ಎಬ್ಬಿಸಬಹುದು. ನಿಮ್ಮ ವಿಷಯದಲ್ಲಿ ನನಗೆ ಹೆಚ್ಚು ಚಿಂತೆ ಇದರದ್ದೇ.

ಬಂದರ್_ದಾರಿ: ಮೊದಲೇ ಒಂದು ಸೆಟಿರಿಜಿನ್ (ಅಲರ್ಜಿ ಮಾತ್ರೆ) ನುಂಗಿ ಕುಡಿದರೆ ಆಗ್ತದಾ?

ಮಾತ್ರೆ_ಪೆಟ್ಟಿಗೆ: ಬೇಡವೇ ಬೇಡ. ತೂಕಡಿಕೆ ಹೆಚ್ಚುತ್ತದೆ, ತುರಿಕೆ ಮುಚ್ಚಿಹೋಗಿ ದೊಡ್ಡ ರಿಯಾಕ್ಷನ್ನಿನ ಮುನ್ಸೂಚನೆಯೇ ತಪ್ಪಿಹೋಗಬಹುದು. ಗಂಧೆ ಎದ್ದಿರುವುದರಿಂದ ಮನೆಯಲ್ಲಿ ಒಂದೊಂದಾಗಿ ಕುಡಿದು ತಿಂದು ಪರೀಕ್ಷೆ ಮಾಡಲಿಕ್ಕೂ ಹೋಗಬೇಡಿ.

ಅಲರ್ಜಿ ಡಾಕ್ಟರಲ್ಲಿ ಸೀಗಡಿ, ಗೋಧಿ, ಬಾರ್ಲಿಗೆ ಸ್ಕಿನ್ ಪ್ರಿಕ್ (ಚರ್ಮಕ್ಕೆ ಚುಚ್ಚಿ ನೋಡುವುದು) ಅಥವಾ ಐಜಿಇ (ಅಲರ್ಜಿಯ ಪ್ರತಿಕಾಯ) ರಕ್ತಪರೀಕ್ಷೆ ಕೇಳಿ. ಸ್ಕಿನ್ ಪ್ರಿಕ್ ಆದರೆ ಸುಮಾರು 7 ದಿನ ಮೊದಲೇ ಸೆಟಿರಿಜಿನ್ ನಿಲ್ಲಿಸಬೇಕು, ಇಲ್ಲದಿದ್ದರೆ ಚರ್ಮ ಏನನ್ನೂ ತೋರಿಸುವುದಿಲ್ಲ. ಐಜಿಜಿ ಎಂಬ ಬೇರೆ ಪ್ರತಿಕಾಯದ ಟೆಸ್ಟ್ ಪ್ಯಾಕೇಜಿಗೆ ದುಡ್ಡು ಹಾಕಬೇಡಿ, ಅದರಿಂದ ಅಲರ್ಜಿ ತಿಳಿಯುವುದಿಲ್ಲ. ಹೋಗುವಾಗ ಒಂದು ಚೀಟಿ ಇರಲಿ: ಏನು, ಎಷ್ಟು ಕುಡಿದದ್ದು, ಏನು ತಿಂದದ್ದು, ಎಷ್ಟು ನಿಮಿಷಕ್ಕೆ ಶುರುವಾದದ್ದು, ಆ ದಿನದ ಮಾತ್ರೆಗಳು. ಮಾತ್ರೆ ಯಾಕೆಂದರೆ, ಕೆಲವು ಆಂಟಿಬಯೋಟಿಕ್ ಆಲ್ಕೋಹಾಲಿಗೆ ಕೂಡಿ ಬರುವುದಿಲ್ಲ: ಮೆಟ್ರೊನಿಡಜೋಲ್ ಮುಗಿದು 48 ಗಂಟೆ, ಟಿನಿಡಜೋಲ್ ಆದರೆ 72 ಗಂಟೆ ಕುಡಿಯಬಾರದು ಎಂಬುದು ಪಥ್ಯ. ಆ ಮಾತ್ರೆಯ ಮೇಲೆ ಕುಡಿದು ಮುಖ ಕೆಂಪಾಗಿ ವಾಂತಿ, ಎದೆ ಡವಡವ ಆದರೆ ಅದು ಅಲರ್ಜಿ ಅಲ್ಲ.

ತುಟಿ, ನಾಲಿಗೆ ಊದಿದರೆ, ಸ್ವರ ಬಿದ್ದರೆ, ಉಸಿರು ಕಟ್ಟಿದರೆ, ತಲೆ ತಿರುಗಿ ಕುಸಿದರೆ ಕೂಡಲೇ 108ಕ್ಕೆ ಫೋನ್. ಮಲಗಿಸಿ ಕಾಲು ಎತ್ತರಿಸಿ, ನಡೆಸಬೇಡಿ. ಉಸಿರಿಗೆ ಕಷ್ಟವಾದರೆ ಕಾಲು ಚಾಚಿ ಕೂರಿಸಿ. ಅಲ್ಲಿ ಬೇಕಾಗುವ ಮದ್ದು ತೊಡೆಯ ಹೊರಬದಿಯ ಸ್ನಾಯುವಿಗೆ ಅಡ್ರಿನಲಿನ್, ದೊಡ್ಡವರಿಗೆ 0.5 ಮಿಲಿಗ್ರಾಂ. ಟ್ರಿಪ್ಟೇಸ್ (ದೊಡ್ಡ ಅಲರ್ಜಿ ರಿಯಾಕ್ಷನ್ನಿನಲ್ಲಿ ರಕ್ತದಲ್ಲಿ ಏರುವ ಕಿಣ್ವ) ಪರೀಕ್ಷೆಗೆ 4 ಗಂಟೆಯೊಳಗೆ ರಕ್ತ ತೆಗೆಯಲು ಆಗುತ್ತದಾ ಎಂದು ಕ್ಯಾಶುವಾಲಿಟಿಯಲ್ಲೇ ಕೇಳಿ.